ಗಾಡಿ ಆಫ್ ಆದರೆ ಎಂಜಿನ್ ಹಾಳಾಗುತ್ತದೆಯೇ?

ಕಳೆದ ಜೂನ್‌ನಲ್ಲಿ ನನಗೆ 18 ತುಂಬಿತು. ಅಬ್ಬ ಗಲ್ಫ್‌ನಲ್ಲಿದ್ದಾರೆ. ಮನೆಯಲ್ಲಿ ಹಳೆಯ ಕಾರೊಂದು ಇದೆ, ಆದರೆ ಓಡಿಸುವವರಿಲ್ಲ. ಅಜ್ಜಿಯನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪ್ರತಿ ಸಲವೂ ಮಾಮ ಅಂಗಡಿ ಮುಚ್ಚಿ ಬರಬೇಕಾಗಿತ್ತು. ಹಾಗಾಗಿ ಎಲ್‌ಎಲ್‌ಆರ್ ಕೈಗೆ ಬಂದ ಮರುದಿನವೇ ನಾನು ಸ್ಟೀರಿಂಗ್ ಹಿಡಿದೆ. ಪಕ್ಕದಲ್ಲಿ ಮಾಮ ಕುಳಿತರು.

ಮೊದಲ ದಿನ ಗಾಡಿ ಹನ್ನೊಂದು ಸಲ ಆಫ್ ಆಯಿತು. ಕ್ಲಚ್ ಬಿಟ್ಟ ಕೂಡಲೇ ಒಂದು ಕುಲುಕು, ಆಮೇಲೆ ಮೌನ. ಮಾಮನಿಗೆ ಸಿಟ್ಟು ಬಂತು. "ಮೆಲ್ಲ ಬಿಡು ಮಾರಾಯ! ಹೀಗೆ ಆಫ್ ಮಾಡ್ತಾ ಇದ್ರೆ ಎಂಜಿನ್ನೇ ಹೋಗ್ತದೆ. ರಿಪೇರಿಗೆ ನಿನ್ನ ಅಬ್ಬನ ಎರಡು ತಿಂಗಳ ಸಂಬಳ ಬೇಕು" ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಗಾಡಿ ಆಫ್ ಆಗದಂತೆ ಒಂದು ಉಪಾಯ ಹಿಡಿದೆ: ಆಕ್ಸಿಲರೇಟರ್ ಜೋರಾಗಿ ಒತ್ತುವುದು, ಕ್ಲಚ್ಚನ್ನು ಅರ್ಧದಲ್ಲೇ ಹಿಡಿದಿರುವುದು. ನಮ್ಮ ಮನೆಯ ಮುಂದಿನ ಚಡಾವಿನಲ್ಲಿ ಎದುರಿಗೆ ಗಾಡಿ ಬಂದರೆ ಬ್ರೇಕ್ ಹಾಕದೆ ಹಾಫ್ ಕ್ಲಚ್‌ನಲ್ಲೇ ಕಾರನ್ನು ನಿಲ್ಲಿಸಿಕೊಳ್ಳುತ್ತಿದ್ದೆ. ಆಫ್ ಆಗುವುದು ನಿಂತೇಹೋಯಿತು. ಲೈಸೆನ್ಸ್ ಕೂಡ ಸಿಕ್ಕಿತು. ನಾನು ಕಲಿತೆ ಎಂದುಕೊಂಡೆ.

ನಾಲ್ಕು ತಿಂಗಳ ನಂತರ ಒಂದು ಬೆಳಿಗ್ಗೆ ಅಜ್ಜಿಯನ್ನು ಕೂರಿಸಿಕೊಂಡು ಹೊರಟೆ. ಅರ್ಧ ಚಡಾವಿನಲ್ಲಿ ಎಂಜಿನ್ ಬೊಬ್ಬೆ ಹಾಕಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಹ್ಯಾಂಡ್ ಬ್ರೇಕ್ ಎಳೆದು, ಅಜ್ಜಿಯನ್ನು ಇಳಿಸಿ, ರಿಕ್ಷಾದಲ್ಲಿ ಕಳುಹಿಸಿದೆ. "ನಿನ್ನ ತಪ್ಪಲ್ಲ ಮಗಾ, ಹಳೇ ಗಾಡಿ" ಎಂದರು ಅಜ್ಜಿ. ಅವರು ಹಾಗೆ ಹೇಳಿದ್ದೇ ನನಗೆ ಹೆಚ್ಚು ನೋವಾಯಿತು.

ಮೆಕ್ಯಾನಿಕ್ ಗಿಯರ್ ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್ ತೋರಿಸಿದರು. ಸವೆದು ತೆಳ್ಳಗಾಗಿತ್ತು, ಕಪ್ಪಾಗಿತ್ತು. "ಶುರುವಿನಲ್ಲಿ ಆಫ್ ಮಾಡಿ ಮಾಡಿ ಹೀಗಾಯ್ತಾ?" ಎಂದು ಕೇಳಿದೆ. ಅವರು ನಕ್ಕರು. "ಆಫ್ ಮಾಡಿ ಅಲ್ಲ. ಆಫ್ ಆಗಬಾರದು ಅಂತ ಹೆದರಿ ಹೀಗಾಯ್ತು. ಪ್ಲೇಟ್ ಮೊದಲೇ ಸ್ವಲ್ಪ ಸವೆದಿತ್ತು, ಉಳಿದದ್ದನ್ನು ನೀವು ಮುಗಿಸಿದ್ರಿ."

ಈ ಮಾತನ್ನು ನಮ್ಮ ಭೌತಶಾಸ್ತ್ರದ ಸರ್ ಬಳಿ ಹೇಳಿದೆ. ಅವರು ಉತ್ತರ ಕೊಡಲಿಲ್ಲ, ಚಾಕ್‌ಪೀಸ್ ಕೊಟ್ಟರು. "ಲೆಕ್ಕ ಹಾಕು" ಎಂದರು. ಆ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಗಾಡಿ ಏಕೆ ಆಫ್ ಆಗುತ್ತದೆ ನೋಡೋಣ. ಎಂಜಿನ್‌ನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರವಿದೆ. ಅದಕ್ಕೆ ಎದುರಾಗಿ ಕ್ಲಚ್ ಪ್ಲೇಟ್ ಇದೆ. ಪೆಡಲ್ ಒತ್ತಿದಾಗ ಎರಡೂ ಬೇರೆಯಾಗುತ್ತವೆ. ಬಿಟ್ಟಾಗ ಸ್ಪ್ರಿಂಗಿನ ಬಲದಿಂದ ಪ್ಲೇಟ್ ಫ್ಲೈವೀಲಿಗೆ ಒತ್ತಿಕೊಳ್ಳುತ್ತದೆ. ನಿಂತ ಕಾರಿನ ಪ್ಲೇಟ್ ತಿರುಗುತ್ತಿರುವುದಿಲ್ಲ. ಫ್ಲೈವೀಲ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಇಡೀ ಕಾರಿನ ಜಡತ್ವ ಎಂಜಿನ್ ಮೇಲೆ ಬೀಳುತ್ತದೆ. ಪೆಟ್ರೋಲ್ ಎಂಜಿನ್‌ಗೆ ಕಡಿಮೆ ವೇಗದಲ್ಲಿ ಟಾರ್ಕ್ ಕಡಿಮೆ. ಸುತ್ತು ತೀರಾ ಇಳಿದಾಗ ಸಿಲಿಂಡರಿನ ಗಾಳಿಯನ್ನು ಒತ್ತಿ ಮುಂದಿನ ಸುತ್ತಿಗೆ ದಾಟುವ ಶಕ್ತಿಯೂ ಅದಕ್ಕೆ ಉಳಿಯುವುದಿಲ್ಲ. ಆಗ ನಿಲ್ಲುತ್ತದೆ.

ಹೀಗೆ ನಿಂತಾಗ ಎಷ್ಟು ಶಕ್ತಿಯ ಏಟು ಬೀಳುತ್ತದೆ? ಚಿಕ್ಕ ಕಾರಿನ ಎಂಜಿನ್‌ನಲ್ಲಿ ತಿರುಗುವ ಭಾಗಗಳ ಮೊಮೆಂಟ್ ಆಫ್ ಇನರ್ಶಿಯಾ 0.15 ಎಂದು ಅಂದಾಜು ಮಾಡಿಕೊಳ್ಳೋಣ. 800 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 84 ರೇಡಿಯನ್. ಅದರ ವರ್ಗವನ್ನು 0.15ರಿಂದ ಗುಣಿಸಿ ಅರ್ಧ ಮಾಡಿದರೆ ಚಲನಶಕ್ತಿ ಸುಮಾರು 530 ಜೂಲ್. 50 ಕಿಲೋ ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತಲು 490 ಜೂಲ್ ಬೇಕು. ಅಂದರೆ ಹೆಚ್ಚು ಕಡಿಮೆ ಅಷ್ಟೇ. ಅದೇ ಎಂಜಿನ್ ರಸ್ತೆಯಲ್ಲಿ 3000 ಸುತ್ತು ತಿರುಗುವಾಗ ಅದರಲ್ಲಿರುವ ಚಲನಶಕ್ತಿ ಇದರ 14 ಪಟ್ಟು. ಇದನ್ನು ದಿನವೂ ತಾಳುವಂತೆ ಮಾಡಿದ ಯಂತ್ರ ಅದು. ಒಂದು ಕುಲುಕಿಗೆ ಮುರಿಯುವುದಿಲ್ಲ. ಬೇರಿಂಗುಗಳ ಮೇಲಿನ ಎಣ್ಣೆಯ ಪದರವೂ ಆ ಕ್ಷಣದಲ್ಲೇ ಒಣಗಿಹೋಗುವುದಿಲ್ಲ.

ಈಗ ನಾನು ಚಡಾವಿನಲ್ಲಿ ಮಾಡುತ್ತಿದ್ದುದರ ಲೆಕ್ಕ. ಜನರ ಸಮೇತ ಕಾರಿನ ತೂಕ 1000 ಕಿಲೋ, ಏರು ಹತ್ತಕ್ಕೆ ಒಂದು ಎಂದಿಟ್ಟುಕೊಳ್ಳಿ. ಕಾರನ್ನು ಹಿಂದಕ್ಕೆ ಎಳೆಯುವ ಬಲ ಸುಮಾರು 980 ನ್ಯೂಟನ್. ಚಕ್ರದ ತ್ರಿಜ್ಯ ಮತ್ತು ಒಂದನೇ ಗಿಯರಿನ ಅನುಪಾತವನ್ನು ಲೆಕ್ಕಕ್ಕೆ ತಂದರೆ, ಕಾರು ಜಾರದಂತೆ ಹಿಡಿಯಲು ಕ್ಲಚ್ ಪ್ಲೇಟ್ ಸುಮಾರು 19 ನ್ಯೂಟನ್ ಮೀಟರ್ ಟಾರ್ಕ್ ಕೊಡಬೇಕು. ಎಂಜಿನ್ 1500 ಸುತ್ತು ತಿರುಗುತ್ತಿದ್ದರೆ ಅದು ಸೆಕೆಂಡಿಗೆ 157 ರೇಡಿಯನ್. ಎರಡನ್ನೂ ಗುಣಿಸಿದರೆ ಸುಮಾರು 3000 ವಾಟ್. ಕಾರು ನಿಂತಲ್ಲೇ ಇರುವುದರಿಂದ ಈ ಶಕ್ತಿಯೆಲ್ಲ ಘರ್ಷಣೆಯಿಂದ ಶಾಖವಾಗುತ್ತದೆ. ಬಚ್ಚಲುಮನೆಯ ಗೀಸರಿನಷ್ಟು ಶಾಖ ಒಂದು ತಟ್ಟೆಯಗಲದ ಪ್ಲೇಟಿನ ಮೇಲೆ! ಹತ್ತು ಸೆಕೆಂಡಿಗೆ 30,000 ಜೂಲ್. ಒಂದು ಸಲ ಆಫ್ ಆದಾಗಿನ 530 ಜೂಲ್‌ಗೆ ಹೋಲಿಸಿ ನೋಡಿ, 50 ಪಟ್ಟಿಗಿಂತ ಹೆಚ್ಚು.

ಬೋರ್ಡಿನ ಮುಂದೆ ಈ ಎರಡು ಅಂಕೆಗಳನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ಸಣ್ಣ ನಷ್ಟಕ್ಕೆ ಹೆದರಿ ದೊಡ್ಡ ನಷ್ಟವನ್ನು ನಾಲ್ಕು ತಿಂಗಳು ದಿನವೂ ಮಾಡಿದ್ದೆ.

ಹಾಗೆಂದು ಎಷ್ಟು ಸಲ ಆಫ್ ಮಾಡಿದರೂ ಏನೂ ಆಗದು ಎಂದಲ್ಲ. ಪ್ರತಿ ಕುಲುಕಿನಲ್ಲೂ ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್‌ಗೆ ಹೊಡೆತ ಬೀಳುತ್ತದೆ. ಮತ್ತೆ ಮತ್ತೆ ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟಾರ್ ಮತ್ತು ಬ್ಯಾಟರಿ ದಣಿಯುತ್ತವೆ. ವರ್ಷಗಟ್ಟಲೆ ಹೀಗೇ ಓಡಿಸಿದರೆ ಇವು ಬೇಗ ಸವೆಯುತ್ತವೆ. ಕಲಿಯುವವರ ಕೆಲವು ವಾರಗಳ ತಪ್ಪಿನಿಂದ ಅಲ್ಲ. ಇನ್ನು ಸರಿಯಾಗಿ ಓಡಿಸುತ್ತಿದ್ದರೂ ಗಾಡಿ ತಾನಾಗಿ ಆಫ್ ಆಗುತ್ತಿದ್ದರೆ ಅದು ಬೇರೆ ದೋಷದ ಸೂಚನೆ, ಮೆಕ್ಯಾನಿಕ್‌ಗೆ ತೋರಿಸಬೇಕು.

ಆಫ್ ಆಗುವುದರ ನಿಜವಾದ ಅಪಾಯ ಎಂಜಿನ್‌ಗಲ್ಲ, ಒಳಗಿರುವವರಿಗೆ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ಗಟ್ಟಿಯಾಗುತ್ತದೆ. ಬ್ರೇಕಿಗೆ ಸಿಗುವ ಸಹಾಯವೂ ಕೆಲವೇ ಒತ್ತುಗಳಲ್ಲಿ ಮುಗಿಯುತ್ತದೆ. ಚಡಾವಿನಲ್ಲಿ ಕಾರು ಹಿಂದೆ ಜಾರಬಹುದು. ಆದ್ದರಿಂದ ಆಫ್ ಆದರೆ ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಕ್ಲಚ್ ಒತ್ತಿ ಗಿಯರ್ ನ್ಯೂಟ್ರಲ್‌ಗೆ ತನ್ನಿ. ಹಿಂದಿನವರಿಗೆ ತಿಳಿಯಲು ಹಝಾರ್ಡ್ ಲೈಟ್ ಹಾಕಿ. ಆಮೇಲೆ ಸ್ಟಾರ್ಟ್ ಮಾಡಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕ್‌ನಲ್ಲೇ ನಿಲ್ಲಿ. ಹೊರಡುವಾಗ ಒಂದೆರಡು ಸೆಕೆಂಡ್ ಹಾಫ್ ಕ್ಲಚ್ ಬೇಕೇ ಬೇಕು, ಅದಕ್ಕಿಂತ ಹೆಚ್ಚು ಬೇಡ.

ಪ್ರಥಮ ವರ್ಷದ ಗೆಳೆಯರೇ, 18 ತುಂಬುವವರೆಗೆ ಕಾರಿನ ಕೀ ಮುಟ್ಟಬೇಡಿ. ತುಂಬಿದ ಮೇಲೆ ಕಲಿಯುವಾಗ ಗಾಡಿ ಆಫ್ ಆದರೆ ನಾಚಬೇಡಿ. ಕಲಿಸುವ ಹಿರಿಯರಲ್ಲಿಯೂ ಒಂದು ವಿನಂತಿ: ಆಫ್ ಆದಾಗ ಗದರಬೇಡಿ. ಗದರಿದರೆ ನಾವು ತಪ್ಪು ಮಾಡುವುದನ್ನು ಬಿಡುವುದಿಲ್ಲ, ತಪ್ಪನ್ನು ಅಡಗಿಸಲು ಕಲಿಯುತ್ತೇವೆ.

ಹೊಸ ಕ್ಲಚ್ ಪ್ಲೇಟಿನ ಹಣ ಅಬ್ಬ ಕಳುಹಿಸಿದರು. ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಯನ್ನು ಆಸ್ಪತ್ರೆಗೆ ಯಾವಾಗ ಕರಕೊಂಡು ಹೋಗ್ತೀ?" ಎಂದು ಕೇಳಿದರು. ಕಳೆದ ವಾರ ಹೋಗಿಬಂದೆವು. ಚಡಾವಿನಲ್ಲಿ ಒಂದು ಸಲ ಗಾಡಿ ಆಫ್ ಆಯಿತು. ಹ್ಯಾಂಡ್ ಬ್ರೇಕ್ ಎಳೆದೆ, ಸ್ಟಾರ್ಟ್ ಮಾಡಿದೆ, ಮುಂದೆ ಹೋದೆ. ಅಜ್ಜಿಗೆ ಗೊತ್ತೇ ಆಗಲಿಲ್ಲ.