ಕಬ್ಬಿನ ಚೀಟಿಗೆ 64 ಕೆಬಿಯ ಮಿತಿ

ಪ್ರಶ್ನೆ: ಕಾರ್ಖಾನೆಗೆ ಬರುವ ಕಬ್ಬಿನ ತೂಕದ ಚೀಟಿಗಳನ್ನು ಲೆಕ್ಕ ಹಾಕುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ ಸರ್. ನಮ್ಮ ಲ್ಯಾಬ್‌ನಲ್ಲಿ ಇನ್ನೂ ಟರ್ಬೊ ಸಿ ಇದೆ. 20,000 ಫ್ಲೋಟ್‌ಗಳ ಅರೇ ಬರೆದರೆ ‘ಅರೇ ಸೈಜ್ ಟೂ ಲಾರ್ಜ್’ ಎಂಬ ಎರರ್ ಬರುತ್ತದೆ. ಕಂಪ್ಯೂಟರಿನಲ್ಲಿ 2 ಜಿಬಿ ರ‍್ಯಾಮ್ ಇದೆಯಲ್ಲ?
– ವಿದ್ಯಾರ್ಥಿನಿ, ಅಥಣಿ

ಉತ್ತರ: ರ‍್ಯಾಮ್ ಎಷ್ಟಿದ್ದರೂ ಟರ್ಬೊ ಸಿಗೆ ಅದು ಕಾಣುವುದಿಲ್ಲ. 1978ರ 8086 ಚಿಪ್ಪಿನ ಕ್ರಮದಂತೆ ಅದು ಮೆಮೊರಿಯನ್ನು 64 ಕೆಬಿ, ಅಂದರೆ 65,536 ಬೈಟ್‌ಗಳ ಸೆಗ್ಮೆಂಟ್‌ಗಳಲ್ಲಿ ನೋಡುತ್ತದೆ. ಒಂದು ಫ್ಲೋಟ್‌ಗೆ 4 ಬೈಟ್. ನಿಮ್ಮ ಅರೇಗೆ 80,000 ಬೈಟ್ ಬೇಕು. ಹ್ಯೂಜ್ ಮಾಡೆಲ್ ಆರಿಸಿಕೊಂಡರೂ ಹೀಗೆ ಘೋಷಿಸಿದ ಒಂದೇ ಅರೇ ಈ ಮಿತಿ ದಾಟಲಾರದು.

ಫಾರ್‌ಮ್ಯಾಲಕ್‌ನಿಂದ ಜಾಗ ಪಡೆದು ಹ್ಯೂಜ್ ಪಾಯಿಂಟರ್‌ನಲ್ಲಿ ಹಿಡಿಯುವ ದಾರಿ ಇದೆ. ಅಲ್ಲೊಂದು ಗುಂಡಿಯೂ ಇದೆ. 20000ವನ್ನು ಸೈಜ್‌ಆಫ್ ಫ್ಲೋಟ್‌ನಿಂದ ಗುಣಿಸಿದರೆ 16 ಬಿಟ್‌ನಲ್ಲಿ ಲೆಕ್ಕ ಉಕ್ಕಿ 14,464 ಬೈಟ್ ಮಾತ್ರ ಸಿಗುತ್ತದೆ. ಎರರ್ ಬರುವುದಿಲ್ಲ, ಉತ್ತರ ಮಾತ್ರ ತಪ್ಪುತ್ತದೆ. ಸಂಖ್ಯೆಯ ಬೆನ್ನಿಗೆ ‘ಎಲ್’ ಅಕ್ಷರ ಹಚ್ಚಿ, ಅದು ಲಾಂಗ್ ಆಗುತ್ತದೆ. ಅಲಾಕ್ ಡಾಟ್ ಎಚ್ ಸೇರಿಸುವುದನ್ನೂ ಮರೆಯಬೇಡಿ.

ಆದರೆ ನಿಮ್ಮ ಕೆಲಸಕ್ಕೆ ಇಷ್ಟೆಲ್ಲ ಬೇಕೇ ಇಲ್ಲ ತಂಗಿ. ಕಾಟಾದ ಮೇಲೆ ತೂಕ ಬರುವುದು ಕಿಲೋಗಳಲ್ಲಿ. ಅದನ್ನು ಟನ್ನಿಗೆ ತಿರುಗಿಸಿ ದಶಾಂಶ ಮಾಡಿದ್ದರಿಂದಲೇ ಫ್ಲೋಟ್ ಬೇಕಾಯಿತು. ಕಿಲೋದಲ್ಲೇ ಇಟ್ಟರೆ 2 ಬೈಟ್‌ನ ಅನ್‌ಸೈನ್ಡ್ ಇಂಟ್ ಸಾಕು. ಅದು 65,535ರವರೆಗೆ ಹಿಡಿಯುತ್ತದೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿನ ಕಬ್ಬೂ ಅಷ್ಟು ತೂಗುವುದಿಲ್ಲ. ಅರೇ 40,000 ಬೈಟ್‌ಗೆ ಇಳಿದು ಒಂದೇ ಸೆಗ್ಮೆಂಟ್‌ನಲ್ಲಿ ಕೂಡುತ್ತದೆ. ಅದನ್ನು ಮೇನ್‌ನ ಹೊರಗೆ ಘೋಷಿಸಿ, ಒಟ್ಟು ಮೊತ್ತವನ್ನು ಲಾಂಗ್‌ನಲ್ಲಿ ಇಡಿ. ಬರೀ ಮೊತ್ತವಷ್ಟೇ ಬೇಕಿದ್ದರೆ ಅರೇಯನ್ನೇ ಬಿಟ್ಟು, ಫೈಲಿನಿಂದ ಒಂದೊಂದೇ ಚೀಟಿ ಓದಿ ಕೂಡಿಸುತ್ತ ಹೋಗಿ. ಹಂಗಾಮಿನ ಚೀಟಿ ಎಷ್ಟೇ ಬಂದರೂ ನಡೆಯುತ್ತದೆ.

ಪ್ರಶ್ನೆ: ಹಳೆಯ ಪಿಸಿಯಲ್ಲಿ ಲಿನಕ್ಸ್ ಹಾಕಿ ಜಿಸಿಸಿ ಬಳಸುತ್ತೇನೆ. ಮೇನ್‌ನೊಳಗೆ 2000 × 2000 ಇಂಟ್ ಅರೇ ಬರೆದರೆ ಕಂಪೈಲ್ ಆಗುತ್ತದೆ, ಓಡಿಸಿದರೆ ‘ಸೆಗ್ಮೆಂಟೇಶನ್ ಫಾಲ್ಟ್’.
– ಓದುಗ, ನಿಪ್ಪಾಣಿ

ಉತ್ತರ: ಇಲ್ಲಿ ಇಂಟ್‌ಗೆ 4 ಬೈಟ್, ಒಟ್ಟು 1.6 ಕೋಟಿ ಬೈಟ್. ಫಂಕ್ಷನ್‌ನೊಳಗಿನ ಅರೇ ಸ್ಟ್ಯಾಕ್‌ಗೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಸ್ಟ್ಯಾಕ್ ಸಾಮಾನ್ಯವಾಗಿ 8 ಎಂಬಿ. ಅರೇಯ ಮುಂದೆ ‘ಸ್ಟ್ಯಾಟಿಕ್’ ಎಂದು ಬರೆಯಿರಿ, ಇಲ್ಲವೇ ಮ್ಯಾಲಕ್ ಬಳಸಿ. ಮ್ಯಾಲಕ್ ‘ನಲ್’ ಕೊಟ್ಟಿತೇ ಎಂದು ಪ್ರತಿ ಸಲವೂ ನೋಡಿ, ಹಳೆಯ ಯಂತ್ರದಲ್ಲಿ ಈ ತಪಾಸಣೆ ಬಿಡಲೇಬಾರದು.