ದವಡೆ ಕೀಲಿನ ತೊಂದರೆ ಮತ್ತು ದಂತ ಚಿತ್ರಣ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಬಿದ್ದು ಗದ್ದ ಒಡೆದುಕೊಂಡ ಮಗುವಿಗೆ ಹೊಲಿಗೆ ಹಾಕಿಸಿ, ಧನುರ್ವಾಯು ಚುಚ್ಚುಮದ್ದು ಕೊಡಿಸಿ ಮನೆಗೆ ಕರೆತರುವುದು ವಾಡಿಕೆ. ಆದರೆ ಪೆಟ್ಟು ಗದ್ದಕ್ಕೆ ಬಿದ್ದಿದ್ದರೂ ಮೂಳೆ ಮುರಿದಿರುವುದು ಕಿವಿಯ ಮುಂಭಾಗದ ದವಡೆ ಕೀಲಿನ ಬಳಿ ಇರಬಹುದು. ಇದು ಗಮನಕ್ಕೆ ಬಾರದೆ ಹೋದಲ್ಲಿ ಕೆಲವು ಮಕ್ಕಳಲ್ಲಿ ಕಾಲಕ್ರಮೇಣ ಕೀಲು ಬೆಸೆದುಕೊಂಡು ಬಾಯಿ ತೆರೆಯದಂತಾಗುತ್ತದೆ. ಊಟ ಮತ್ತು ಮಾತು ಕಷ್ಟವಾಗುತ್ತವೆ; ಕೆಳದವಡೆಯ ಬೆಳವಣಿಗೆ ಕುಂಠಿತಗೊಂಡು ಮುಖ ಓರೆಯಾಗುತ್ತದೆ; ನಿದ್ರೆಯಲ್ಲಿ ಉಸಿರಾಟಕ್ಕೂ ಅಡ್ಡಿಯಾಗಬಹುದು. ಆ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ಮಾರ್ಗ. ಸಕಾಲದಲ್ಲಿ ತೆಗೆಸಿದ ಒಂದು ಚಿತ್ರ ಈ ಸಂಕಷ್ಟವನ್ನು ತಪ್ಪಿಸಲು ನೆರವಾಗುತ್ತದೆ.

1. ಕೀಲಿನ ರಚನೆ

ಕೆಳದವಡೆಯ ಎರಡೂ ಮೇಲ್ತುದಿಗಳಲ್ಲಿರುವ ಗುಂಡನೆಯ ಮೂಳೆಭಾಗ ತಲೆಬುರುಡೆಯ ಗುಳಿಯಲ್ಲಿ ಕೂಡಿಕೊಂಡಿರುತ್ತದೆ. ಇವೆರಡರ ನಡುವೆ ಮೆತ್ತನೆಯ ಬಿಲ್ಲೆಯೊಂದಿರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಕೀಲು ಮೊದಲು ತಿರುಗಿ, ಬಳಿಕ ಮುಂದಕ್ಕೆ ಜಾರುವುದು ತಿಳಿಯುತ್ತದೆ. ಎಡ ಮತ್ತು ಬಲ ಕೀಲುಗಳು ಒಟ್ಟಾಗಿ ಚಲಿಸುವುದರಿಂದ ಒಂದರ ತೊಂದರೆ ಇನ್ನೊಂದಕ್ಕೂ ತಟ್ಟುತ್ತದೆ.

2. ಯಾವ ಚಿತ್ರ ಏನನ್ನು ತೋರಿಸುತ್ತದೆ

• ಒಪಿಜಿ: ಯಂತ್ರವು ತಲೆಯ ಸುತ್ತ ಸುತ್ತಿ ಎರಡೂ ದವಡೆ, ಹಲ್ಲು ಹಾಗೂ ಎರಡೂ ಕೀಲುಗಳನ್ನು ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಮೊದಲ ಪರೀಕ್ಷೆಗೆ ಇದು ಅನುಕೂಲ. ಆದರೆ ಸಣ್ಣ ಬಿರುಕು ಇದರಲ್ಲಿ ಕಾಣದಿರಬಹುದು.
• ಸಿ.ಟಿ. ಮತ್ತು ಸಿಬಿಸಿಟಿ: ಮೂಳೆಯನ್ನು ಮೂರು ಆಯಾಮಗಳಲ್ಲಿ ತೋರಿಸುತ್ತವೆ. ಮುರಿತ, ಸವೆತ ಹಾಗೂ ಕೀಲು ಬೆಸೆದಿರುವುದು ಸ್ಪಷ್ಟವಾಗುತ್ತದೆ.
• ಎಂಆರ್‌ಐ: ಬಿಲ್ಲೆ ಮತ್ತು ಮೃದು ಅಂಗಾಂಶಗಳನ್ನು ತೋರಿಸುತ್ತದೆ. ಬಾಯಿ ಮುಚ್ಚಿದಾಗ ಮತ್ತು ತೆರೆದಾಗ ಪ್ರತ್ಯೇಕ ಚಿತ್ರ ತೆಗೆದು ಬಿಲ್ಲೆ ಜಾರಿದೆಯೇ ಎಂದು ನೋಡಲಾಗುತ್ತದೆ. ಇದರಲ್ಲಿ ಕ್ಷ-ಕಿರಣದ ಬಳಕೆಯಿಲ್ಲ. ದೇಹದೊಳಗೆ ಪೇಸ್‌ಮೇಕರ್ ಅಥವಾ ಲೋಹದ ಸಾಧನವಿದ್ದಲ್ಲಿ ಮೊದಲೇ ತಿಳಿಸತಕ್ಕದ್ದು.

ಒಪಿಜಿಯಲ್ಲಿ ದೋಷ ಕಾಣಲಿಲ್ಲವೆಂದ ಮಾತ್ರಕ್ಕೆ ಕೀಲು ಸರಿಯಾಗಿದೆ ಎಂದು ನಿರ್ಧರಿಸಲಾಗದು. ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ ಮತ್ತೆ ವೈದ್ಯರನ್ನು ಕಾಣುವುದು ಅಗತ್ಯ.

3. ಚಿತ್ರ ಯಾವಾಗ ಬೇಕು, ಯಾವಾಗ ಬೇಡ

ಗದ್ದಕ್ಕೆ ಪೆಟ್ಟು ಬಿದ್ದ ನಂತರ ಕಿವಿಯ ಮುಂದೆ ನೋವು ಅಥವಾ ಊತ, ಹಲ್ಲುಗಳು ಮೊದಲಿನಂತೆ ಕೂಡದಿರುವುದು, ಬಾಯಿ ತೆರೆದಾಗ ಗದ್ದ ಒಂದು ಬದಿಗೆ ಎಳೆಯುವುದು, ಕಿವಿಯಿಂದ ರಕ್ತ ಬರುವುದು: ಇವುಗಳಲ್ಲಿ ಯಾವುದಿದ್ದರೂ ವಿಳಂಬವಿಲ್ಲದೆ ಪರೀಕ್ಷೆ ಆಗಬೇಕು. ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂಭಾಗದ ಹಲ್ಲುಗಳ ನಡುವೆ ತೂರಿಸಲಾಗದಿದ್ದರೆ ಬಾಯಿ ತೆರೆಯುವುದು ಕಡಿಮೆಯಾಗಿರಬಹುದೆಂದು ತಿಳಿಯಬೇಕು.

ನೋವಿಲ್ಲದೆ ‘ಟಕ್’ ಎಂಬ ಸದ್ದು ಮಾತ್ರ ಬರುತ್ತಿದ್ದು, ಬಾಯಿ ಸರಾಗವಾಗಿ ತೆರೆಯುತ್ತಿದ್ದರೆ ಸಾಮಾನ್ಯವಾಗಿ ಚಿತ್ರ ಬೇಕಾಗುವುದಿಲ್ಲ. ಸ್ನಾಯುಗಳ ಬಿಗಿತದಿಂದ ಬರುವ ನೋವು ಬಹುಪಾಲು ಮೆತ್ತನೆಯ ಆಹಾರ, ಬಿಸಿ ಶಾಖ ಮತ್ತು ದವಡೆಗೆ ವಿಶ್ರಾಂತಿಯಿಂದ ತಗ್ಗುತ್ತದೆ. ದಂತ ಚಿತ್ರಣದ ವಿಕಿರಣ ಅಲ್ಪವಾದರೂ ಅನವಶ್ಯಕವಾಗಿ ತೆಗೆಸುವುದು ಸಲ್ಲದು. ಗರ್ಭಿಣಿಯರು ಮುಂಚಿತವಾಗಿ ತಿಳಿಸಬೇಕು.

4. ಬಾಯಿ ತೆರೆಯದಿರಲು ಇತರ ಕಾರಣಗಳು

ಅಡಿಕೆ ಮತ್ತು ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗಿ ಬಾಯಿ ತೆರೆಯದಂತಾಗುತ್ತದೆ. ಇಲ್ಲಿ ಕೀಲಿನ ಚಿತ್ರ ಸರಿಯಾಗಿಯೇ ಇರಬಹುದು. ಆದರೂ ಇದು ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆಯುಳ್ಳ ಸ್ಥಿತಿ. ಗಾಯವಾದ ಕೆಲವು ದಿನಗಳ ನಂತರ ದವಡೆ ಬಿಗಿದುಕೊಂಡರೆ ಧನುರ್ವಾಯು ಎಂದು ಶಂಕಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎದೆನೋವು, ಬೆವರಿನೊಂದಿಗೆ ದವಡೆ ನೋವು ಬಂದರೆ ಅದು ಹೃದಯಾಘಾತದ ಸೂಚನೆ ಇರಬಹುದು. 108ಕ್ಕೆ ಕರೆ ಮಾಡತಕ್ಕದ್ದು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ದಂತವೈದ್ಯರು, ಒಪಿಜಿ ಹಾಗೂ ಸಿ.ಟಿ. ಸೌಲಭ್ಯವಿದೆ ಎಂಬುದನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ತಿಳಿದು ಪಂಚಾಯತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು.
ಆ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಮತ್ತು ಶಿಕ್ಷಕರಿಗೆ ಮೂರು ಬೆರಳಿನ ಪರೀಕ್ಷೆಯನ್ನು ತಿಳಿಸುವುದು.
ಇ) ಗದ್ದಕ್ಕೆ ಪೆಟ್ಟು ಬಿದ್ದ ಮಗುವನ್ನು ಹೊಲಿಗೆ ಬಿಚ್ಚಿದ ಮೇಲೂ ಮರೆಯದೆ, ಕೆಲವು ತಿಂಗಳ ಕಾಲ ಬಾಯಿ ಎಷ್ಟು ತೆರೆಯುತ್ತದೆ ಎಂಬುದನ್ನು ಗಮನಿಸುವಂತೆ ಪೋಷಕರಿಗೆ ಹೇಳುವುದು.
ಈ) ಶಾಲೆ, ಅಂಗನವಾಡಿಗಳ ಜಾರುವ ನೆಲ ಹಾಗೂ ಮುರಿದ ಮೆಟ್ಟಿಲುಗಳ ದುರಸ್ತಿಗೆ ಆದ್ಯತೆ ನೀಡುವುದು.

ಚರ್ಚೆಗೆ

1. ಕಳೆದ ಒಂದು ವರ್ಷದಲ್ಲಿ ಗ್ರಾಮದಲ್ಲಿ ಗದ್ದಕ್ಕೆ ಪೆಟ್ಟಾದ ಮಕ್ಕಳೆಷ್ಟು? ಅವರಲ್ಲಿ ಎಷ್ಟು ಮಂದಿಯ ಕೀಲನ್ನು ಪರೀಕ್ಷಿಸಲಾಗಿದೆ?
2. ತಾಲ್ಲೂಕು ಕೇಂದ್ರದಲ್ಲಿ ಒಪಿಜಿ ಸೌಲಭ್ಯ ಇಲ್ಲದಿದ್ದಲ್ಲಿ ಬಡ ಕುಟುಂಬದ ಮಗುವನ್ನು ಮುಂದಿನ ಆಸ್ಪತ್ರೆಗೆ ತಲುಪಿಸುವ ಹೊಣೆಯನ್ನು ಯಾರು ವಹಿಸಿಕೊಳ್ಳುವರು?