ಹಗಲು ಚಿಮಣಿ, ರಾತ್ರಿ ಚಿಮಣಿ

ಬಳ್ಳಾರಿ, ಕೊಪ್ಪಳ ಸೀಮೆಯ ಸ್ಪಾಂಜ್ ಐರನ್ ಘಟಕಗಳ, ಕೋಕ್ ಓವನ್‌ಗಳ ಹೊಗೆ ಅಳೆಯುವುದು ನನ್ನ ಕಸುಬು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಹೇಳುವ ಮಾತುಗಳಿವು. ಪಂಚಾಯಿತಿ ಕಟ್ಟೆಯಲ್ಲಿ ವರದಿ ಹಿಡಿದು ಕೂತವರಿಗೂ ಉಪಯೋಗಕ್ಕೆ ಬಂದಾವು.

1. ಮೊದಲು ಹೊತ್ತು ಕೇಳಿ, ಆಮೇಲೆ ಅಂಕಿ

ಸ್ಪಾಂಜ್ ಐರನ್ ಘಟಕದಲ್ಲಿ ಅದಿರು, ಕಲ್ಲಿದ್ದಲು, ಡೋಲೋಮೈಟ್ ಮೂರನ್ನೂ ತಿರುಗುವ ಕಿಲ್ನ್‌ನಲ್ಲಿ ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಹೊರಬರುವ ಅನಿಲ ಆಫ್ಟರ್ ಬರ್ನಿಂಗ್ ಚೇಂಬರ್‌ನಲ್ಲಿ ಉರಿದು, ತಣಿದು, ಧೂಳು ಹಿಡಿಯುವ ಇಎಸ್‌ಪಿ ಹಾದು ಚಿಮಣಿ ಸೇರಬೇಕು. ಆದರೆ ಚೇಂಬರ್‌ನ ನೆತ್ತಿಯ ಮೇಲೆ ಇನ್ನೊಂದು ದಾರಿಯಿದೆ. ಅದು ಎಮರ್ಜೆನ್ಸಿ ಸ್ಟಾಕ್, ಅದಕ್ಕೊಂದು ಕ್ಯಾಪ್. ಕರೆಂಟ್ ಹೋದರೆ, ಒತ್ತಡ ಏರಿದರೆ, ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಇಎಸ್‌ಪಿ ಸಿಡಿಯುವ ಅಪಾಯ ಕಂಡರೆ ಕ್ಯಾಪ್ ತೆರೆಯಲೇಬೇಕು. ಅದರಲ್ಲಿ ತಪ್ಪಿಲ್ಲ. ಅಂಥ ಯಾವ ಕಾರಣವೂ ಇಲ್ಲದೆ ರಾತ್ರಿ ಹೊತ್ತು ತೆರೆದುಕೊಳ್ಳುವ ಕ್ಯಾಪ್‌ಗಳದ್ದೇ ತಕರಾರು. ನಾವು ಅಳೆಯುವ ಪೋರ್ಟ್ ಇರುವುದು ಮುಖ್ಯ ಚಿಮಣಿಯಲ್ಲಿ. ಕ್ಯಾಪ್‌ನಿಂದ ಹೋದದ್ದು ನಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಕೊಪ್ಪಳದ ಕಡೆ ಒಬ್ಬ ರೈತರು ಬಿರಿದ ಹತ್ತಿಕಾಯಿ ಕಿತ್ತು ಕೈಗಿಟ್ಟರು. ಎಳೆ ಬಿಡಿಸಿದರೆ ಒಳಗೂ ಕಪ್ಪು, ಬೆರಳಿಗೆ ಜಿಡ್ಡಿನಂತೆ ಮಸಿ. "ಹಗಲೊತ್ತು ಬಂದು ಅಳದ್ರ ಏನ್ ಸಿಗತೈತ್ರೀ ಸರ? ರಾತ್ರಿ ಹನ್ನೆರಡರ ಮ್ಯಾಲ ಬರ್ರಿ" ಎಂದರು. ಅವರ ಮಾತಿಗೆ ವಿಜ್ಞಾನದ ಬಲವೂ ಇದೆ. ಚಳಿಗಾಲದ ರಾತ್ರಿ ನೆಲದ ಗಾಳಿ ತಣ್ಣಗಾಗುತ್ತದೆ, ಮೇಲಿನ ಬೆಚ್ಚನೆ ಪದರ ಪಾತ್ರೆಗೆ ಮುಚ್ಚಳ ಹಾಕಿದಂತೆ ಕೂರುತ್ತದೆ, ಹೊಗೆ ಮೇಲೇಳುವುದಿಲ್ಲ. ಗಾಳಿಯಲ್ಲಿನ ಪಿಎಂ10 ಕಣಗಳಿಗೆ ದೇಶದ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ರಾತ್ರಿಯ ಎರಡು ತಾಸಿನ ಮಸಿ ಆ ಸರಾಸರಿಯಲ್ಲಿ ಕರಗಿಹೋಗುವುದು ಸುಲಭ.

2. ಬೂದಿಯ ಲೆಕ್ಕ ನೋಡಿ

ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಶೇಕಡ 35–40ರಷ್ಟಿರುವುದು ಸಾಮಾನ್ಯ. ಇಎಸ್‌ಪಿ ನಿಜಕ್ಕೂ ಓಡಿದ್ದರೆ ಅದರ ಹಾಪರ್‌ನಿಂದ ಧೂಳಿನ ಲಾರಿಗಳು ಹೊರಡಲೇಬೇಕು. ಇಎಸ್‌ಪಿಗೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಬೇಕೆಂಬ ಸೂಚನೆಯೂ ಇದೆ. ಲಾರಿಯ ರಿಜಿಸ್ಟರ್, ಮೀಟರ್ ರೀಡಿಂಗ್, ಕಿಲ್ನ್ ಓಡಿದ ಗಂಟೆ, ಮೂರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ಚಿಮಣಿ ಹತ್ತುವ ಮೊದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಈ ಹಾಳೆ ಕೇಳಿದಾಗ ಮ್ಯಾನೇಜರ್ ಚಹಾ ತರಿಸುವ ವೇಗದಿಂದಲೂ ಒಂದಷ್ಟು ತಿಳಿಯುತ್ತದೆ.

3. ಪಂಪಿನ ವೇಗಕ್ಕೂ ಕಣ್ಣಿರಲಿ

ಚಿಮಣಿಯೊಳಗೆ ಅನಿಲ ಹರಿಯುವ ವೇಗದಲ್ಲೇ ನಮ್ಮ ನಳಿಕೆಯೂ ಎಳೆಯಬೇಕು. ಹೆಚ್ಚು ವೇಗದಲ್ಲಿ ಎಳೆದರೆ ಹಗುರ ಅನಿಲ ತಿರುಗಿ ಒಳಗೆ ಬರುತ್ತದೆ, ದಪ್ಪ ಕಣ ನೇರ ಮುಂದಕ್ಕೆ ಹೋಗುತ್ತದೆ, ಅಂಕಿ ಕಮ್ಮಿ ಬರುತ್ತದೆ. ಯಾರೂ ಸುಳ್ಳು ಬರೆಯದೆಯೂ ಸುಳ್ಳು ವರದಿ ತಯಾರಾಗುವುದು ಹೀಗೆ.

4. ಗಂಧಕ ಕಮ್ಮಿ ಎಂದು ಹಿಗ್ಗಬೇಡಿ

ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಅದು ಒಳ್ಳೆಯದೇ. ಆದರೆ ಗಂಧಕ ಕಮ್ಮಿಯಾದಷ್ಟೂ ಹಾರುಬೂದಿಯ ವಿದ್ಯುತ್ ರೋಧ ಹೆಚ್ಚು, ಇಎಸ್‌ಪಿ ತಟ್ಟೆಗೆ ಧೂಳು ಸೆಳೆಯುವುದು ಅಷ್ಟೇ ಕಷ್ಟ. ಹೊರದೇಶದ ಕಲ್ಲಿದ್ದಲಿಗೆ ಲೆಕ್ಕ ಹಾಕಿದ ಯಂತ್ರ ಇಲ್ಲಿ ಸೋಲುವುದುಂಟು.

5. ಬಿಳಿಗೆ ಹೆದರಬೇಡಿ, ಹಳದಿಗೆ ಹೆದರಿ

ಕೋಕ್ ಓವನ್‌ನಲ್ಲಿ ಕಲ್ಲಿದ್ದಲನ್ನು ಗಾಳಿ ತಾಗದಂತೆ 1,000 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಕೆಂಡದಂಥ ಕೋಕ್‌ಗೆ ನೀರು ಸುರಿದಾಗ ಏಳುವ ಬಿಳಿ ಮೋಡ ಬಹುಪಾಲು ಹಬೆ. ಅದರಲ್ಲೂ ಕೋಕ್ ಪುಡಿ ಇರುತ್ತದೆ, ನೀರು ಕೊಳಕಾಗಿದ್ದರೆ ಫೀನಾಲ್ ಕೂಡ. ಆದರೂ ಫೋಟೊ ತೆಗೆಯುವವರೆಲ್ಲ ಅದನ್ನೇ ತೆಗೆಯುತ್ತಾರೆ. ನಾವು ನೋಡಬೇಕಾದ್ದು ಬಾಗಿಲು. ಬ್ಯಾಟರಿಯ, ಅಂದರೆ ಓವನ್‌ಗಳ ಸಾಲಿನ, ಉದ್ದಕ್ಕೂ ನಡೆದು, ಒಂದೊಂದು ಬಾಗಿಲಿನ ಅಂಚಿನಲ್ಲೂ ಹಳದಿ-ಕಂದು ಎಳೆ ಜಿನುಗುತ್ತಿದೆಯೇ ಎಂದು ಕಣ್ಣಾರೆ ಕಂಡು, ಎಣಿಸಿ, ಸೋರುವವು ಶೇಕಡ ಎಷ್ಟು ಎಂದು ಬರೆಯಬೇಕು. ಯಂತ್ರಕ್ಕಿಂತ ಕಾಲು ಮತ್ತು ಕಣ್ಣಿನ ಕೆಲಸ. ಆ ಎಳೆಯಲ್ಲಿ ಟಾರ್, ಬೆಂಜೀನ್, ಬೆಂಜೊಪೈರೀನ್ ಇರುತ್ತವೆ. ಕೋಕ್ ತಯಾರಿಕೆಯ ಕೆಲಸವನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. 2009ರ ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಬೆಂಜೊಪೈರೀನ್‌ಗೆ ವಾರ್ಷಿಕ ಮಿತಿ ಘನ ಮೀಟರಿಗೆ ಬರೀ 1 ನ್ಯಾನೋಗ್ರಾಂ. ಬಾಗಿಲ ಅಂಚಿನ ಟಾರ್ ಕೆರೆದು ತೆಗೆಯುವ ಆಳಿಗೆ ಎರಡು ಬಾಗಿಲ ನಡುವೆ ಸಾಕಷ್ಟು ಹೊತ್ತು ಕೊಟ್ಟರೆ ಸೋರಿಕೆ ಎಷ್ಟೋ ಕಮ್ಮಿಯಾಗುತ್ತದೆ. ಉತ್ಪಾದನೆಯ ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಆ ಹೊತ್ತಿಗೇ.

6. ರಸ್ತೆ

ಕಿಲ್ನ್‌ನಿಂದ ಬರುವ ಡೋಲೋಚಾರ್ ಎಂಬ ತ್ಯಾಜ್ಯದ ರಾಶಿ, ಟಾರ್ಪಾಲಿನ್ ಕಟ್ಟದ ಲಾರಿ, ಕನ್ವೇಯರ್‌ನಿಂದ ಕಲ್ಲಿದ್ದಲು ಬೀಳುವ ಜಾಗ. ಪಕ್ಕದ ಊರಿನ ಮನೆಗಳೊಳಗೆ ಬರುವ ಧೂಳಿನಲ್ಲಿ ಇವುಗಳ ಪಾಲೂ ದೊಡ್ಡದು. ಚಿಮಣಿ ವರದಿಯಲ್ಲಿ ಇವಕ್ಕೆ ಒಂದು ಸಾಲೂ ಇರುವುದಿಲ್ಲ.

7. ನಿಮ್ಮ ಮಾಸ್ಕ್

ಬಟ್ಟೆಯ ಮಾಸ್ಕ್‌ನಿಂದ ಬೆಂಜೀನ್ ಆವಿ ನಿಲ್ಲುವುದಿಲ್ಲ. ಬ್ಯಾಟರಿ ಮೇಲೆ ಹೋಗುವಾಗ ಸಾವಯವ ಆವಿಗಾಗಿ ಮಾಡಿದ ಇದ್ದಿಲಿನ ಕಾರ್ಟ್ರಿಜ್ ಜೊತೆಗೆ ಕಣಗಳಿಗಾಗಿ ಫಿಲ್ಟರ್ ಇರುವ ರೆಸ್ಪಿರೇಟರ್ ಕೇಳಿ. ಕಾರ್ಟ್ರಿಜ್ ತೆರೆದ ತಾರೀಖನ್ನು ಅದರ ಮೇಲೇ ಬರೆದಿಡಿ. ಅಲ್ಲೇ ದಿನವೂ ದುಡಿಯುವವರ ಮೂಗಿಗೆ ಏನಿದೆ ಎಂಬುದನ್ನೂ ವರದಿಯ ಕೊನೆಯ ಪುಟದಲ್ಲಿ ನಮೂದಿಸಿ. ಯಾರೂ ಕೇಳಿರುವುದಿಲ್ಲ, ಆದರೂ.